‘ನೀರು’ ಎಂಬ ಫೈಲು

ಚಿಕ್ಕಬೋರನಕೊಪ್ಪಲಿನ ಹಾಲಿನ ಡೇರಿಯಲ್ಲಿ
ಮೂರು ದಿನದಿಂದ ಬ್ಯಾಕಪ್ ಆಗುತ್ತಿಲ್ಲ.
ಲೆಕ್ಕವನ್ನೆಲ್ಲ ದಿನಾ ಕಳಿಸಿ ಅಂತ ಮಂಡ್ಯದಿಂದ ಹೊಸ ಆರ್ಡರು.
ನೂರರಲ್ಲಿ ತೊಂಬತ್ತೊಂದರ ತನಕ ಬಂದು
ಕಾಲುವೆ ಕಂಡ ಎಮ್ಮೆಯಂತೆ ನಿಂತುಬಿಡುತ್ತದೆ
ಒಂದೇ ಒಂದು ಫೈಲಿನ ಮುಂದೆ.
ಅದರ ಹೆಸರು ನೀರು.

ಹಳೇ ಕಾರ್ಯದರ್ಶಿ ಮರಿಲಿಂಗಣ್ಣ ಹೋದ ವರ್ಷ
ಬೀಗದ ಕೈ, ರಬ್ಬರ್ ಸ್ಟಾಂಪು, ಲ್ಯಾಕ್ಟೋಮೀಟರು
ಎಲ್ಲ ನನ್ನ ಮೇಜಿನ ಮೇಲಿಟ್ಟು ಹೋದರು.
ಇದೊಂದರ ಕೈ ಮಾತ್ರ ಕೊಡಲಿಲ್ಲ.
ತೆರೆದರೆ ತೆರೆಯದು. ಅಳಿಸಿದರೆ ಅಳಿಯದು.
ಕಸದ ಬುಟ್ಟಿಗೆ ಎಳೆದಷ್ಟೂ
ಮತ್ತೆ ತನ್ನ ಜಾಗಕ್ಕೇ ಹೋಗಿ ಕೂರುತ್ತದೆ.

ನಾಲ್ಕೂವರೆಗೆ ಪಾಂಡವಪುರದಿಂದ ಫೋನು,
ಕಂಪ್ಯೂಟರ್ ರಿಪೇರಿಯ ಯೋಗಾನಂದ.
‘ಅಕ್ಕ, ಮೌಸ್ ಬುಡಿ. ಕರೀ ಕಿಟಕಿ ತೆಗೀರಿ.
ಡೆಲ್ ಅಂತ ಹೊಡೀರಿ. ಒಂದ್ ಜಾಗ ಬುಡಿ. ಸ್ಲ್ಯಾಶ್ ಎಫ್.’
ಯಾವ ಕಡೆ ವಾಲಿದ ಸ್ಲ್ಯಾಶಪ್ಪ?
‘ಪಡುವಲ ಗಾಳಿಗೆ ಕಬ್ಬು ಮೂಡ್ಲಿಗೆ ವಾಲ್ತದಲ್ಲ, ಅಂಗೆ.’
ಹೊಡೆದೆ.
ಆಕ್ಸೆಸ್ ಡಿನೈಡ್.

‘ಅದು ನಿಮ್ದಲ್ಲ ಕಣಕ್ಕ, ಅದ್ಕೆ.
ಮೊದ್ಲು ನಿಮ್ದು ಮಾಡ್ಕೊಳಿ. ಟೇಕ್‌ಓನ್ ಅನ್ನಿ.
ನಿಮ್ದಾದ್ಮೇಲೆ ಸಾಯಿಸ್ಬೋದು.’
ಎಷ್ಟು ಸಲೀಸಾಗಿ ಹೇಳಿಬಿಟ್ಟ.
ಎರಡು ಗುಂಟೆಯ ಖಾತೆ ಬದಲಾಯಿಸುವುದಕ್ಕೆ
ಹದಿನಾಲ್ಕು ಸಲ ನಾಡಕಚೇರಿಗೆ ಅಲೆದವಳು ನಾನು.
ಇಲ್ಲಿ ಏಳಕ್ಷರ ಕುಟ್ಟಿ ಎಂಟರ್ ಒತ್ತಿದರೆ
ಈ ಫೈಲು ಇನ್ನು ಪ್ರೇಮಲೀಲಾಳದು ಅಂತ ಬಂತು.
ಹಕ್ಕು ಬರೆಯುವುದಕ್ಕೆ ಇನ್ನೊಂದು ಉದ್ದದ ಸಾಲು,
ಅದರ ಹೆಸರು ಈಗ ನಾಲಿಗೆಗೆ ಬಾರದು.

ನನ್ನದಾದ ಮೇಲೆ ನೋಡದೆ ಇರುವುದು ಹೇಗೆ?
ಡೆಲ್ ಅನ್ನುವಲ್ಲಿ ಟೈಪ್ ಅಂದೆ.
ಕರೀ ಕಿಟಕಿಯ ತುಂಬ ಸುರಿಯಿತು:

ಮೆಂಬರ್ ಹದಿನೇಳು, ಕಾಲು ಲೀಟರು. ಬಿಟ್ಟೆ.
ಮೆಂಬರ್ ಮೂವತ್ತು, ಹಬ್ಬದ ವಾರ, ಒಂದು ಚೊಂಬು. ಬಿಟ್ಟೆ.
ಮೆಂಬರ್ ಅರವತ್ತೆರಡು, ಗಂಡನಿಗೆ ಆಪರೇಷನ್ನು,
ದಿನಾ ಅರ್ಧ. ಬಿಟ್ಟೆ.

ಹನ್ನೊಂದು ವರ್ಷ, ಬೆಳಿಗ್ಗೆ ಸಂಜೆ,
ಯಾರ ಹಾಲಿಗೆ ಎಷ್ಟು ನೀರು ಬಿತ್ತೆಂದು
ಮಷೀನು ಬರೆದದ್ದು, ಪಕ್ಕದಲ್ಲಿ ಅವರು ಬರೆದದ್ದು.
ಮೆಂಬರ್ ನಲವತ್ತೇಳು ನಮ್ಮತ್ತೆ:
ಸೊಸೆ ಬಾಣಂತಿ, ಮೂರು ಪಾವು. ಬಿಟ್ಟೆ.
ಆ ತಿಂಗಳು ನಾನು ಬೆಲ್ಲ ಹಾಕಿಕೊಂಡು ಕುಡಿದ ಹಾಲು, ಹಾಗಾದರೆ.
ಕೊನೆಯ ಒಂದು ವರ್ಷ ಬರೀ ಅಂಕಿ.
ಬಿಟ್ಟೆ ಅನ್ನುವವರು ಯಾರೂ ಇಲ್ಲ.

‘ಅಳಿಸ್ದಿದ್ರೂ ಈಗ ಹೋಯ್ತದೆ ಅಕ್ಕ, ನಿಮ್ದೇ ಅಲ್ವಾ?
ಎಲ್ಲಾನೂ ಮಂಡ್ಯಕ್ಕೆ ಕಳಿಸ್ಬುಡಿ.’
ಬೇಡ ಅಂದೆ. ಡೆಲ್ ಅಂದೆ.
ಬೇರೆ ಯಾರೋ ಹಿಡಿದುಕೊಂಡಿದ್ದಾರೆ ಅಂದಿತು.
ಯಾರು ಅಂತ ಹುಡುಕಿದರೆ, ಫ್ಯಾಟು ಅಳೆಯುವ ಮಷೀನಿನದೇ
ಒಂದು ಪುಟ್ಟ ಪ್ರೋಗ್ರಾಮು; ಯಜಮಾನ ಹೋದದ್ದು ತಿಳಿಯದೆ
ಇವತ್ತು ಬೆಳಗಿನವರೆಗೂ ಬರೆಯುತ್ತಲೇ ಇದೆ.
ಟಾಸ್ಕ್‌ಕಿಲ್.
ಮತ್ತೆ ಡೆಲ್.

ಏನೂ ಹೇಳಲಿಲ್ಲ.
ಆಯಿತು ಅಂತಲೂ ಇಲ್ಲ, ಶಾಸ್ತ್ರಕ್ಕೊಂದು ಮಾತಿಲ್ಲ.
ಕೆಳಗಿನ ಸಾಲಿನಲ್ಲಿ ಬಿಳೀ ಗೆರೆಯೊಂದು
ಮಿಣುಕುತ್ತಾ ನಿಂತಿತು, ಮುಂದೇನು ಅನ್ನುವ ಹಾಗೆ.
‘ಕಸದ ಬುಟ್ಟೀಲೂ ಇರಕಿಲ್ಲ ಅಕ್ಕ,
ಈ ದಾರೀಲಿ ಹೋದದ್ದು ವಾಪಸ್ ಬರಕಿಲ್ಲ.’

ಐದಕ್ಕೆ ಕ್ಯಾನುಗಳ ಸಾಲು.
ಮರಿಲಿಂಗಣ್ಣ ಆರನೆಯವರು, ಮೆಂಬರ್ ನೂರ ಹನ್ನೆರಡು,
ಪಂಚೆಯ ತುದಿಯಲ್ಲಿ ಮುಚ್ಚಳ ಒರೆಸುತ್ತಾ.
‘ಬ್ಯಾಕಪ್ ಆಯ್ತಾ ಮಗ?’
ಆಯ್ತಣ್ಣ.
‘ಎಲ್ಲಾ ಹೋಯ್ತಾ?’
ಒಂದು ಬಿಟ್ಟು.
ಅವರು ಸ್ವಲ್ಪ ಹೊತ್ತು ನಾಲೆಯ ಕಡೆ ನೋಡಿದರು.

ಹಾಲು ಸುರಿದರು. ಲ್ಯಾಕ್ಟೋಮೀಟರು ಇಳಿಯಿತು,
ನಿಲ್ಲಬೇಕಾದಲ್ಲಿ ನಿಲ್ಲದೆ ಇನ್ನಷ್ಟು ಇಳಿದು
ಇಪ್ಪತ್ತಾರಕ್ಕೆ ನಿಂತಿತು.
ಹಿಂದಿನವರು ಕತ್ತು ಚಾಚಿ ಇಣುಕುತ್ತಿದ್ದರು.
ಇಪ್ಪತ್ತೆಂಟು,
ಅಂದೆ ಜೋರಾಗಿ.
ಮುಂದಿನವರು ಬನ್ನಿ.